ಚಿಕ್ಕಪ್ಪನ ಗೊರಕೆ

ಚಿಕ್ಕಪ್ಪ ತೀರಿಹೋಗಿ ಮೂರು ವರ್ಷವಾದರೂ ಅವರ ಗೊರಕೆ ಮಾತ್ರ ಮನೆಯಲ್ಲೇ ಇತ್ತು. ಒಂದು ಪೆನ್‌ಡ್ರೈವ್‌ನಲ್ಲಿ, ನಲವತ್ತು ನಿಮಿಷ. ಊಟವಾದ ಮೇಲೆ ಚಿಕ್ಕಮ್ಮ ಅದನ್ನು ಪುಟ್ಟ ಸ್ಪೀಕರಿಗೆ ಸಿಕ್ಕಿಸಿ ಅಡ್ಡಾಗುವರು. ಅದಿಲ್ಲದೆ ಅವರಿಗೆ ಕಣ್ಣು ಹತ್ತುತ್ತಿರಲಿಲ್ಲ. ನಿದ್ದೆ ಕೊಡುವವನು ದೇವರು. ಯಾರ ಮೂಗಿನಿಂದ ಕೊಡಿಸುತ್ತಾನೆ ಎಂಬುದು ಅವನ ಇಷ್ಟ.

ಚಿಕ್ಕಪ್ಪನ ಅಣ್ಣನ ಮಗ ಮನೆಯ ಮುಂದಿನ ಕೋಣೆಯಲ್ಲಿ ರಬ್ಬರ್ ಮೊಹರು ಮಾಡುತ್ತಿದ್ದ. ಅವನ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಒತ್ತಿದರೆ ಅದು ತೆರೆಗೆ ಬರುವಷ್ಟರಲ್ಲಿ ಗಿರಾಕಿ ಎರಡು ಸಲ ಆಕಳಿಸುತ್ತಿದ್ದ. ಹಳೆಯ ಆಪರೇಟಿಂಗ್ ಸಿಸ್ಟಂ ಕಿತ್ತು ಹೊಸದನ್ನು ಕೂರಿಸಬೇಕು; ಅದಕ್ಕೆ ಮೊದಲು ಹೊಸದನ್ನು ಪೆನ್‌ಡ್ರೈವ್‌ಗೆ ತುಂಬಿ, ಕಂಪ್ಯೂಟರ್ ಅದರಿಂದಲೇ ಏಳುವಂತೆ ಮಾಡಬೇಕು. ಮನೆಯಲ್ಲಿದ್ದದ್ದು ಒಂದೇ ಪೆನ್‌ಡ್ರೈವ್.

“ನಿಮ್ಮ ಚಿಕ್ಕಪ್ಪನ್ನ ಎಲ್ಲಿಗೆ ಕಳಿಸ್ತೀಯೋ?”

“ಎಲ್ಲಿಗೂ ಇಲ್ಲ ಚಿಕ್ಕಮ್ಮ. ಗೊರಕೇನ ಕಂಪ್ಯೂಟರ್‌ಗೆ ಇಳಿಸಿಡ್ತೀನಿ. ಕೆಲಸ ಮುಗಿದ ತಕ್ಷಣ ಇದಕ್ಕೇ ವಾಪಸ್.”

“ಅವರಿಗೆ ಜಾಗ ಬದಲಾದ್ರೆ ಆಗಿಬರಲ್ಲ. ಹುಷಾರು.”

ಗೊರಕೆ ಕಂಪ್ಯೂಟರಿಗೆ ಇಳಿಯಿತು. ‘ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?’ ಎಂಬ ಪ್ರಶ್ನೆ ಬಂತು. ಸರಿ ಎಂದ. ಹೊಸ ಸಿಸ್ಟಂ ಅದರಿಂದ ಎದ್ದು ಕುಳಿತು, ‘ಈ ಕಂಪ್ಯೂಟರಿನಲ್ಲಿರುವುದೆಲ್ಲ ಅಳಿಸಲೇ?’ ಎಂದು ಬಹಳ ವಿನಯದಿಂದ ಕೇಳಿತು. ಅಷ್ಟು ವಿನಯಕ್ಕೆ ಇಲ್ಲವೆನ್ನುವುದು ಹೇಗೆ? ಅದಕ್ಕೂ ಸರಿ ಎಂದ.

ಕಂಪ್ಯೂಟರ್ ಮಿಂಚಿನಂತೆ ತೆರೆದುಕೊಂಡಿತು. ಹಿಗ್ಗಿಹೋದ. ಆಮೇಲೆ ಗೊರಕೆ ಹುಡುಕಿದ. ಪೆನ್‌ಡ್ರೈವ್‌ನಲ್ಲೂ ಹುಡುಕಿದ.

“ಚಿಕ್ಕಮ್ಮ, ಅಲ್ಲೂ ಇಲ್ಲ. ಇಲ್ಲೂ ಇಲ್ಲ.”

“ಕೆಡವೋ ಮನೆಯೊಳಗೇ ಸಾಮಾನು ಇಟ್ಟು ಬಂದ್ಯೇನೋ?”

“ಹೂಂ.”

ಚಿಕ್ಕಮ್ಮ ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕುಳಿತರು. ಮೊಹರಿಗೆ ಬಂದಿದ್ದ ಗುಮಾಸ್ತರು ತಡೆಯಲಾರದೆ ಎದ್ದರು. “ನಾನೇ ಹೊಡೀಲಾ ಅಮ್ಮಾ? ನಮ್ಮ ಆಫೀಸಲ್ಲಿ ನನ್ನ ಗೊರಕೆಗೆ ಹೆಸರಿದೆ.” ಕಣ್ಣು ಮುಚ್ಚಿ ಶ್ರದ್ಧೆಯಿಂದ ಹೊಡೆದರು.

“ನಿಮ್ಮದು ಗರಗಸ.”

ಅಣ್ಣನ ಮಗನೂ ಪ್ರಯತ್ನಿಸಿದ.

“ನಿನ್ನದು ಹಸಿದ ಬೆಕ್ಕು. ನಲವತ್ತು ವರ್ಷ ಕೇಳಿದೋಳು ನಾನು. ತಗೋ, ರೆಕಾರ್ಡ್ ಮಾಡ್ಕೋ.”

ಅವನು ಫೋನ್ ಹತ್ತಿರ ಹಿಡಿದ; ಅವರು ಬೆಂಚಿನ ಮೇಲೆ ಮಲಗಿ ತೋರಿಸಿದರು. ಉಸಿರು ಮೂರು ಮೆಟ್ಟಿಲು ಹತ್ತಿತು, ದಾರಿ ಮರೆತಂತೆ ನಿಂತಿತು, ಸಿಳ್ಳೆ ಹಾಕುತ್ತ ಇಳಿಯಿತು. ಅವನ ಮೈ ಜುಮ್ಮೆಂದಿತು: ಸಾಕ್ಷಾತ್ ಚಿಕ್ಕಪ್ಪ. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕನೆಯದರಲ್ಲಿ ಸಿಳ್ಳೆ ಇರಲಿಲ್ಲ. ಅದು ಚಿಕ್ಕಮ್ಮನದೇ ಗೊರಕೆ.

“ನನ್ನ ಮೊಹರು?” ಗುಮಾಸ್ತರು ಪಿಸುಗುಟ್ಟಿದರು.

ಅವನು ತುಟಿಗೆ ಬೆರಳಿಟ್ಟ. ರೆಕಾರ್ಡಿಂಗ್ ನಿಲ್ಲಿಸಲಿಲ್ಲ.