ಜೀನ್ ಐತಿ ಅಂದ್ರೂ, ಇಲ್ಲ ಅಂದ್ರೂ

ತಿಕೋಟಾ ಬಸ್ಸಿನ ಕಿಟಕಿ ಗಡಗಡ ಅನ್ನಾಕತ್ತೈತಿ, ಹೊರಗ ದ್ರಾಕ್ಷಿ ತೋಟದ ಕಂಬ ಒಂದರ ಹಿಂದ ಒಂದು ಓಡಾಕತ್ತಾವ, ಈಗ ದಾಟಿದ ಊರಿನ ಹೆಸರೇನ — ತೊರವಿ, ಹೌದು, ತೊರವಿ — ಒಂದು ಹೆಸರು ನೆನಪಾಗೂದು ತಡಾ ಆದ್ರ ಸಾಕು ಮರವಿನ ಅಂಜಿಕಿ ಹತ್ತತೈತಿ, ಆಯಿಗೂ ಹಿಂಗ ಸುರುವಾಗಿತ್ತಂತ, ಅವ್ವನ ಅವ್ವ, ಮಮದಾಪುರ ಕೆರಿ ದಂಡ್ಯಾಗ ಕುಂತು ನನ್ನ ಮನಿ ಎಲ್ಲೈತ್ರಿ ಅಂತ ದನಾ ಕಾಯವ್ರನ್ನ ಕೇಳ್ತಿದ್ಳು, ಈಗ ಅವ್ವಗೂ ಅದ, ಮುಂದ ನನಗೂ? — ನಿನ್ನೆ ಡಾಕ್ಟರ್‌ನ ಕೇಳೇಬಿಟ್ಟೆ, ನೋಡ್ರಿ ಆಮ್ರಪಾಲಿ ಬಾಯಿ, ರಕ್ತ ತಪಾಸ ಮಾಡಿದ್ರ ಅವ್ವನ ಕಡಿಂದ ಇಳಿಯೂ ಆ ಜೀನ್ ನಿಮಗ ಬಂದೈತೋ ಇಲ್ಲೋ ತಿಳೀತೈತಿ, ಆದ್ರ ಬಂದವರಿಗೆಲ್ಲಾ ಮರವು ಹತ್ತೂದಿಲ್ಲ, ಇಲ್ಲದವರಿಗೂ ಹತ್ತತೈತಿ, ಬಿಪಿ ಹತೋಟ್ಯಾಗ ಇಡ್ರಿ, ದಿನಾ ನಡೀರಿ, ಕಿವಿ ಮಂದ ಆಗ್ಯಾವ, ಅದರಿಂದನೂ ಮರವು ಹೆಚ್ಚತೈತಿ, ಮಷೀನ್ ಹಾಕ್ಕೊಳ್ರಿ — ಐತಿ ಅಂದ್ರೂ ನಡಿಯೂದ, ಇಲ್ಲ ಅಂದ್ರೂ ನಡಿಯೂದ, ಹಂಗಾದ್ರ ತಪಾಸ ಯಾಕ ಬೇಕು, ನಡೀತೀನಿ, ಇವತ್ತ ಮುಂಜಾನಿ ಜಲನಗರ ಸುತ್ತಿ ಬಂದೇನಿ, ಮಗಳು ವಿಶಾಖಾ ಜೋಡಿ ಬಂದಿದ್ಳು, ಆಕಿಗೆ ಹೇಳಿಬಿಟ್ಟೆ, ಮುಂದ ನಾ ನಿನ್ನ ಮರ್ತೆ ಅಂದ್ರ, ನಾ ಯಾರ ಹೇಳು ಅಂತ ಕಾಡಬ್ಯಾಡವಾ, ನಿನ್ನ ಹೆಸರ ನೀನ ಮೊದಲ ಹೇಳು, ಸಾಕ್ ಬಿಡಬೇ ಅಂತ ಸಿಟ್ಟಿಗೆದ್ಳು, ಆಮ್ಯಾಲೆ ಕೈ ಹಿಡಕೊಂಡ್ಳು, ಮನಿ ತನಕ ಬಿಡಲಿಲ್ಲ.

ತಿಕೋಟಾ ಬಂತು, ಇಳದೆ, ತಮ್ಮ ದೇವಾನಂದನ ಹೊಸ್ತಿಲದಾಗ ಕಾಲಿಡೂದ್ರಾಗ ಅವನ ದನಿ, ಬೇ, ಇಲ್ನೋಡು, ನಾ ಯಾರು, ನೆನಪ ಮಾಡ್ಕೋ, ನಿನ್ನೆ ಹೇಳಿಲ್ಲೇನು — ಅವ್ವ ತಲಿ ಬಗ್ಗಿಸಿ ಸೆರಗಿನ ತುದಿ ತಿರುವಾಕತ್ತಾಳ, ಬಿಡೋ ದೇವಾ ಅಂದೆ, ಅಕ್ಕಾ ನೀ ಸುಮ್ನಿರು, ಕೇಳಕೋತ ಇದ್ರ ನೆನಪ ಉಳೀತೈತಿ, ನೆನಪ ಅಲ್ಲೋ, ಅಂಜಿಕಿ ಒಂದ ಉಳೀತೈತಿ, ಆ ಕಡೆ ಸರಕೊ, ಇವತ್ತಿನಿಂದ ಈ ಮನ್ಯಾಗ ಆ ಪ್ರಶ್ನಿ ಬ್ಯಾಡ — ಅವ ಎದ್ದು ಮಾರಿ ತಿರುವಿದ, ಅವನ ಕಣ್ಣಾಗೂ ಅಂಜಿಕಿ, ಅವನೂ ಇದ ಅವ್ವನ ಮಗ — ನಾ ಅವ್ವನ ಮುಂದ ನೆಲದ ಮ್ಯಾಲ ಕುಂತೆ, ಬೇ, ನಾ ಆಮ್ರಪಾಲಿ, ನಿನ್ನ ಮಗಳು, ಅವ್ವ ತಲಿ ಎತ್ತಿದ್ಳು, ಭಾಳ ಚಲೋ ಹೆಸರೈತಿ, ಯಾರ ಇಟ್ಟಾರವಾ, ನೀನ ಇಟ್ಟಿ ಬೇ, ನಾನ? — ನಗಾಕತ್ತಾಳ ಅವ್ವ, ಹೆಸರು ಬಾಯಾಗ ಹೊಳ್ಳಾಡಿಸಾಕತ್ತಾಳ, ಆಮ್ರ, ಪಾಲಿ, ಹಲ್ಲಿಲ್ಲದ ಬಾಯಿ, ತುಟಿ ಕೂಡತಾವ, ತೆರೀತಾವ, ಆಮ್ರಪಾಲಿ, ತುಟಿ ಕೂಡತಾವ, ತೆರೀತಾವ —