ಕಪಾಟಿನ ಬಾಗಿಲು

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಈ ಬುದ್ಧಿ ಯಾಕೆ ಬಂತೋ ಆ ಬಸವಣ್ಣನೇ ಬಲ್ಲ. ಹೇಳಿಕೊಳ್ಳಲು ನಾಚಿಕೆ. ಆದರೆ ಹೇಳದೆ ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು.

ಹೋದ ವರ್ಷ ಹುನಗುಂದದ ಒಂದು ಮದುವೆಯಲ್ಲಿ ಯಾರೋ ಒಬ್ಬಾಕೆ ನನ್ನನ್ನು ತೋರಿಸಿ ನಮ್ಮ ಮನೆಯವರನ್ನು, "ಇವರು ನಿಮ್ಮ ಅಕ್ಕಾರೇನ್ರಿ?" ಎಂದು ಕೇಳಿದಳು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಕನ್ನಡಿ ಮುಂದೆ ನಿಂತರೆ ನನಗೆ ಕಣ್ಣ ಕೆಳಗಿನ ಕರಿ ಕುಳಿಗಳೇ ಕಾಣುತ್ತಿದ್ದವು. ಕಡೆಗೆ ಗುಳೇದಗುಡ್ಡದಲ್ಲಿ ನನ್ನ ತಮ್ಮ ಯುವರಾಜನ ಮಗಳ ನಿಶ್ಚಯಕ್ಕೆ ಐದೇ ದಿನ ಇರುವಾಗ, ನಾನು ಕಲಿಸುವ ಶಾಲೆಯ ತರಬೇತಿ ಎಂದು ಮನೆಯಲ್ಲಿ ಸುಳ್ಳು ಹೇಳಿ, ಬಾಗಲಕೋಟೆಯ ಒಂದು ಚರ್ಮದ ದವಾಖಾನೆಗೆ ಹೋಗಿ ಕುಳಿ ತುಂಬುವ ಸೂಜಿ ಚುಚ್ಚಿಸಿಕೊಂಡು ಬಂದೆ.

"ಸ್ವಲ್ಪ ನೀಲಿಗಟ್ಟಬಹುದು," ಎಂದಿದ್ದರು ಡಾಕ್ಟರಮ್ಮ. "ಅರಿವಿಯೊಳಗ ಐಸ್ ಸುತ್ತಿ ಮೆಲ್ಲಕ ಇಡ್ರಿ. ತಿಕ್ಕಬ್ಯಾಡ್ರಿ, ಬಿಸಿ ಅಂತೂ ತಾಗಸಲೇಬ್ಯಾಡ್ರಿ. ಹತ್ತು ದಿನದಾಗ ಹೋಗತೈತಿ. ಮನ್ಯಾಗ ಕಾರ್ಯ ಏನೂ ಇಲ್ಲಲ್ರಿ?" ಇಲ್ಲ ಎಂದೆ. ಅದೂ ಸುಳ್ಳೇ.

ಸಂಜೆಗೆ ಎಡಗಣ್ಣಿನ ಕೆಳಗೆ ನೇರಳೆ ಹಣ್ಣಿನ ಬಣ್ಣ. ಅತ್ತೆ ನೀಲಾಬಾಯಿ ಹೌಹಾರಿದರು. ಮಲಗುವ ಕೋಣೆಯ ಕಪಾಟಿನ ಬಾಗಿಲು ಬಡಿಯಿತು ಎಂದೆ. ಪಾಪ, ಹಿರಿಯ ಜೀವ ಅರಿಷಿಣ, ಸುಣ್ಣ ಕಲಸಿ ಬಿಸಿ ಮಾಡಿಕೊಂಡು ಬಂದೇಬಿಟ್ಟರು. "ಪೆಟ್ಟಾದ್ರ ಇದಕ್ಕಿಂತ ಛಲೋ ಔಷಧ ಇಲ್ಲ, ಮುಖಾ ಇತ್ತ ಮಾಡು." ಬಾಗಿಲು ಬಡಿಸಿಕೊಂಡವಳು ಬೇಡ ಎನ್ನುವುದು ಹೇಗೆ? ಕಣ್ಣು ಮುಚ್ಚಿ ಕುಳಿತೆ. ಅವರು ಮಮತೆಯಿಂದ ಒತ್ತಿ ಒತ್ತಿ ತಿಕ್ಕಿದರು. ಬೆಳಗಾಗುವುದರಲ್ಲಿ ಕಪ್ಪು ಕೆನ್ನೆಯವರೆಗೆ ಇಳಿದಿತ್ತು. ಆಮೇಲೆ ಬಚ್ಚಲಲ್ಲಿ ಕದ್ದು ಎಷ್ಟು ಐಸ್ ಇಟ್ಟರೂ ಅದು ಜಗ್ಗಲಿಲ್ಲ.

ನಮ್ಮ ಮನೆಯವರು, ಅನಿಲಕುಮಾರ, ವಿದ್ಯಾಗಿರಿಯ ಕಾಲೇಜೊಂದರಲ್ಲಿ ಗ್ರಂಥಪಾಲಕರು. ಜೋರಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ನನ್ನ ಮುಖ ನೋಡಿದರು, ಆಮೇಲೆ ಕಪಾಟು ನೋಡಿದರು. ನಮ್ಮ ಕಪಾಟಿನದು ಪಕ್ಕಕ್ಕೆ ಸರಿಸುವ ಬಾಗಿಲು. ಅದು ಯಾರ ಮುಖಕ್ಕೂ ಬಡಿಯುವುದಿಲ್ಲ. "ಭಾಳ ನೋಯತೈತೇನು?" ಎಂದಷ್ಟೇ ಕೇಳಿದರು.

ನಿಶ್ಚಯದ ದಿನ ಪೌಡರಿನ ಮೇಲೆ ಪೌಡರು ಬಳಿದುಕೊಂಡು ಹೋದೆ. ಕೇಳಿದವರಿಗೆಲ್ಲ ಕಪಾಟಿನ ಬಾಗಿಲಿನದೇ ಕಥೆ. ಸೋದರತ್ತೆ ಸಕ್ರವ್ವ ಮಾತ್ರ ನನ್ನ ಕೈ ಹಿಡಿದು, "ಹೌದವ್ವಾ, ಹರೇದಾಗ ನನಗೂ ಭಾಳ ಸಲ ಬಾಗಲಾ ಬಡದೈತಿ," ಎಂದು ಕಣ್ಣು ಒರೆಸಿಕೊಂಡಳು.

ಅಲ್ಲಿಗೆ ತಿಳಿಯಿತು, ಮಂದಿ ಏನು ತಿಳಿದುಕೊಂಡಿದ್ದಾರೆ ಎಂದು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಸುತ್ತ ಬೀಗರ ಕಡೆಯ ಹೆಂಗಸರು. ಈ ವಯಸ್ಸಿನಲ್ಲಿ ಇವಳಿಗೆ ಚೆಂದ ಬೇಕಾಯಿತೇ ಎಂದು ನಗುತ್ತಾರೆ. ಗಂಡನ ಮಾನವೋ ನನ್ನ ಮುಖವೋ ಎಂದಾಗ ನಾನು ಮುಖವನ್ನೇ ಉಳಿಸಿಕೊಂಡೆ.

ನಮ್ಮಲ್ಲಿ ಇಂಥ ಕಾರ್ಯಕ್ಕೆ ಮನೆಯ ಅಳಿಯಂದಿರನ್ನು ಸಾಲಾಗಿ ಕೂರಿಸಿ, ಹೆಗಲಿಗೆ ಟಾವೆಲ್ಲು ಹೊದಿಸಿ, ಕೈಗೆ ಕಾಯಿ ಕೊಟ್ಟು ಆಯೇರಿ ಮಾಡುತ್ತಾರೆ. ಯುವರಾಜ ನನ್ನ ತಂಗಿಯ ಗಂಡನಿಗೆ ಮಾಡಿದ. ಇವರ ಮುಂದೆ ಬಂದವನು ನಿಲ್ಲದೆ ದಾಟಿ ಹೋದ. ಬೀಗರೆಲ್ಲ ನೋಡುತ್ತಿದ್ದರು. ಮನೆಯ ಕಾರ್ಯಗಳನ್ನು ನಡೆಸಿಕೊಡುವ ರಾಚಯ್ಯಜ್ಜ, "ಅನಿಲಪ್ಪಾ, ಹೆಣ್ಣಿನ ಮ್ಯಾಲೆ ಕೈ ಮಾಡಿದಾವಗ ಈ ಮನಿ ಆಯೇರಿ ಇಲ್ಲಪಾ," ಎಂದರು.

ಇವರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನಲ್ಲ ಎನ್ನಬಹುದಿತ್ತು. ತಲೆ ತಗ್ಗಿಸಿ, "ತಪ್ಪಾತ್ರಿ, ಅಜ್ಜಾರ," ಎಂದರು.

ನಾನು ಎದ್ದು ನಿಂತೆ. "ಅವರು ಹೊಡದಿಲ್ರಿ! ನಾನ ಚಂದ ಕಾಣಬೇಕಂತ ಸೂಜಿ ಚುಚ್ಚಿಸ್ಕೊಂಡ ಬಂದೀನ್ರಿ!" ಎಂದು ಕೂಗಿದೆ.

ಯಾರೂ ನಂಬಲಿಲ್ಲ. ಸಕ್ರವ್ವ ನನ್ನ ತೋಳು ಹಿಡಿದು, "ಸಾಕ ಬಿಡ ಮಗಳ, ಗಂಡನ್ನ ಎಷ್ಟಂತ ಮುಚ್ಚತಿ?" ಎಂದಳು. ಸುಳ್ಳು ಹೇಳಿದಾಗ ಇಲ್ಲದ್ದನ್ನು ಊಹಿಸಿದ ಮಂದಿ, ಖರೆ ಹೇಳಿದಾಗ ಅದನ್ನೇ ಸುಳ್ಳೆಂದರು.

ಒಂದೇ ದಾರಿ ಉಳಿದಿತ್ತು. ಸೂಜಿ ಚುಚ್ಚುವ ಮುಂಚೆ ದವಾಖಾನೆಯವರು ತೆಗೆದ ಫೋಟೋ ನನ್ನ ಮೊಬೈಲಿನಲ್ಲಿತ್ತು. ಟ್ಯೂಬ್‌ಲೈಟಿನ ಬೆಳಕು, ಒಂದೊಂದು ಕುಳಿಯೂ ಸುಕ್ಕೂ ಎದ್ದು ಕಾಣುವ ಮುಖ, ಕಣ್ಣ ಕೆಳಗೆ ಡಾಕ್ಟರಮ್ಮ ಪೆನ್ನಿನಿಂದ ಇಟ್ಟ ಚುಕ್ಕೆಗಳು, ಪಕ್ಕದಲ್ಲೇ ಸಿರಿಂಜು ಹಿಡಿದ ಕೈ. ಸತ್ತರೂ ಯಾರಿಗೂ ತೋರಿಸಬಾರದು ಅಂದುಕೊಂಡಿದ್ದನ್ನು ಅಜ್ಜನ ಕೈಗೆ ಕೊಟ್ಟೆ.

ಅಜ್ಜ ಚಾಳೀಸು ಏರಿಸಿ ನೋಡಿದರು. ಮೊಬೈಲು ಯುವರಾಜನ ಕೈಗೆ, ಅಲ್ಲಿಂದ ಬೀಗರ ಸಾಲಿಗೆ ಹೋಯಿತು. ಒಬ್ಬಳು ಕಿಸಕ್ಕೆಂದಳು. ಆಮೇಲೆ ಮನೆಯೇ ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಯುವರಾಜ ಓಡಿಬಂದು ಇವರ ಹೆಗಲಿಗೆ ಟಾವೆಲ್ಲು ಹೊದಿಸಿ, "ತಪ್ಪಾತ್ರಿ, ಮಾಮಾ," ಎಂದು ಕಾಲಿಗೆ ಬಿದ್ದ.

ಕಡೆಗೆ ಮೊಬೈಲು ಇವರ ಕೈಗೆ ಬಂತು. ಎಲ್ಲರೂ ನಗುತ್ತಿದ್ದರು, ಇವರೊಬ್ಬರು ನಗಲಿಲ್ಲ. ಆ ಮುಖವನ್ನು ಬಹಳ ಹೊತ್ತು ನೋಡಿ ನನಗೆ ತಿರುಗಿ ಕೊಟ್ಟರು.

"ಹುನಗುಂದದಾಗ ಅವತ್ತ ನಾ ನಗಬಾರದಿತ್ತು," ಎಂದರು.

ಮತ್ತೆ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು.