ಎಲೆಯ ತುದಿಯ ಹನಿ

ದೊಡ್ಡಕ್ಕ ವೈನಿನ ಜಾಡಿಯ ಬಾಯಿಗೆ ಮೆತ್ತಿದ್ದ ಮಣ್ಣನ್ನು ಕುಡುಗೋಲಿನ ಹಿಡಿಯಿಂದ ಒಡೆಯುತ್ತಿದ್ದಳು. ಅತ್ತ ದ್ರಾಕ್ಷಿ ಚಪ್ಪರದ ಅಡಿಯಲ್ಲಿ ಅವಳ ಗಂಡ ಮುದ್ದಪ್ಪನನ್ನು ಚಟ್ಟದ ಮೇಲೆ ಮಲಗಿಸಿದ್ದರು. ಹೆಗಲು ಕೊಡುವವರು ಕಾದು ನಿಂತಿದ್ದರು.

ಮೈದುನ ಕಾಟಯ್ಯನಿಗೆ ತಡೆಯಲಾಗಲಿಲ್ಲ. "ಅತ್ಗೆ, ಸಾವಿನ ಮನ್ಯಾಗೆ ಯಾರಾದ್ರೂ ಇದನ್ನ ತೆಗೀತಾರಾ? ಬಾಯಿಗೆ ನೀರು ಬಿಡು, ಸಾಕು."

"ಈ ವರ್ಷದ್ದು ಅವ್ರು ಇನ್ನೂ ರುಚಿ ನೋಡಿಲ್ಲ ಕಣಪ್ಪ," ಎಂದಳು ತಲೆಯೆತ್ತದೆ.

* * *

ಯಲ್ಲದಕೆರೆಯ ಆ ಕಲ್ಲುನೆಲದಲ್ಲಿ ಗಂಡಹೆಂಡಿರಿಬ್ಬರೇ ಕುರಿಗೊಬ್ಬರ ಹಾಕಿ ಬಿಳಿ ದ್ರಾಕ್ಷಿ ಹಬ್ಬಿಸಿದ್ದರು. ಬೇಸಿಗೆಯಲ್ಲಿ ಹಣ್ಣು ಹಿಂಡಿ, ರಸವನ್ನು ಜಾಡಿಗೆ ತುಂಬಿ ಹೂತಿಟ್ಟರೆ, ಶ್ರಾವಣ ಕಳೆಯುವಷ್ಟರಲ್ಲಿ ವೈನು ತಿಳಿಯಾಗುತ್ತಿತ್ತು. ತೆರೆಯುವ ದಿನ ಹಿರಿಯೂರಿನ ಗಾಜಿನಂಗಡಿ ದಿಲಾವರ್ ಸಾಹೇಬರು ತೆಳುವಾದ ಲೋಟವೊಂದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಬಣ್ಣ ನೋಡುವುದು ಅವರ ಕೆಲಸ, ಅವರು ಕುಡಿಯುವವರಲ್ಲ. ವಾಸನೆ ಹೇಳುವುದು ದೊಡ್ಡಕ್ಕನ ಕೆಲಸ. ಸೋಮವಾರದ ಒಪ್ಪತ್ತಿನವಳು, ಅವಳೂ ಮುಟ್ಟುವವಳಲ್ಲ. ಕುಡಿಯದವರಿಬ್ಬರು ನ್ಯಾಯ ಹೇಳುತ್ತಾರೆ, ಕುಡಿಯುವ ತನಗೆ ಲೋಟವಿಲ್ಲ ಎಂದು ಕಾಟಯ್ಯ ಗೊಣಗುತ್ತಿದ್ದ.

ಒಂದು ವರ್ಷ ದೊಡ್ಡಕ್ಕ ಹೊಂಗೆ ಹೂವಿನ ವಾಸನೆ ಎಂದಳು. ಇನ್ನೊಂದು ವರ್ಷ ಹೆರಳೆಕಾಯಿಯ ಸಿಪ್ಪೆ. ಅವಳು ಹೇಳಿದ ಮೇಲೆಯೇ ಮುದ್ದಪ್ಪ ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಅದನ್ನು ನಾಲಗೆಯಲ್ಲಿ ಹುಡುಕುತ್ತಿದ್ದ. ಸಿಕ್ಕರೆ ಮಗುವಿನಂತೆ ನಗುತ್ತಿದ್ದ.

"ಒಂದು ಹನಿ ನೀನೂ ನೋಡೇ."

"ಬರೋ ವರ್ಷ ನೋಡಾಣ, ಬಿಡ್ರಿ."

ಮದುವೆಯಾದಂದಿನ ಕಪ್ಪು ಕೂದಲು ಆ ಮಾತಿನಲ್ಲೇ ಬೆಳ್ಳಗಾಯಿತು.

* * *

ಸಾವಿಗೆ ಹೊರಟಾಗ ಲೋಟವನ್ನು ಯಾಕೆ ಜೇಬಿಗೆ ಹಾಕಿಕೊಂಡರೋ ಸಾಹೇಬರಿಗೇ ತಿಳಿಯದು. ದೊಡ್ಡಕ್ಕ ತುಂಬಿಕೊಟ್ಟ ಲೋಟವನ್ನು ಚಪ್ಪರದ ಸಂದಿನ ಬಿಸಿಲಿಗೆ ಹಿಡಿದರು.

"ಒಣಗಿದ ರಾಗಿ ಹುಲ್ಲಿನ ಬಣ್ಣ, ಭಾಬಿ. ತಿಳಿಯಾಗೈತೆ."

ದೊಡ್ಡಕ್ಕ ಬಾಗಿ ಮೂಸಿದಳು. ಚಪ್ಪರದಲ್ಲಿ ಎಲೆಗಳು ಒಂದನ್ನೊಂದು ಸವರಿ ಸುಮ್ಮನಾದವು. ಆಮೇಲೆ ಗಂಡನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು:

"ಮಳೇಲಿ ನೆಂದ ಕಂಬ್ಳಿ ಕಣ್ರೀ. ನಮ್ಮ ಧಾರೆಗೆ ಹಾಸಿದ್ದರಲ್ಲ, ಅದು."

ವೀಳ್ಯದೆಲೆಯನ್ನು ಲೋಟದಲ್ಲಿ ಅದ್ದಿ ಅವನ ತುಟಿಗೆ ಹನಿಸಿದಳು. ವೈನು ಬಿಳಿ ಮೀಸೆಯೊಳಗೆ ಇಳಿಯಿತು. ಎಲೆಯ ತುದಿಯಲ್ಲಿ ಒಂದು ಹನಿ ಉಳಿಯಿತು. ಅವಳು ಅದನ್ನೇ ನೋಡುತ್ತಿದ್ದಳು.

"ಅತ್ಗೆ, ಇವತ್ತು ಸೋಮವಾರ," ಎಂದ ಕಾಟಯ್ಯ. ಈಗ ಅವನ ದನಿಯಲ್ಲಿ ತಕರಾರು ಇರಲಿಲ್ಲ.

"ಆ ಸ್ವಾಮಿಗೆ ನಾನೇ ಹೇಳ್ಕಂತೀನಿ."

ಹನಿಯನ್ನು ನಾಲಗೆಯ ಮೇಲಿಟ್ಟುಕೊಂಡು ದೊಡ್ಡಕ್ಕ ಕಣ್ಣು ಮುಚ್ಚಿದಳು. ಯಾರೂ ಅವಸರ ಮಾಡಲಿಲ್ಲ. ಸಾಹೇಬರು ಲೋಟ ಇಳಿಸುವುದನ್ನೇ ಮರೆತಿದ್ದರು. ಅದರೊಳಗಿಂದ ಹಾದ ಬಿಸಿಲಿನ ಹೊಂಬಣ್ಣದ ತುಣುಕು ಮುದ್ದಪ್ಪನ ಎದೆಯ ಮೇಲಿನ ಬಿಳಿ ಬಟ್ಟೆಯಲ್ಲಿ ಸಾಹೇಬರ ಉಸಿರಿನ ಜೊತೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.